ವಾರ್ಡಿನ ಮೆಂಬರು ಸಭೆಗೇ ಬರುತ್ತಿಲ್ಲವೇ? ಲೆಕ್ಕ ತೆಗೆಯುವುದರಿಂದ ದೂರು ಕೊಡುವವರೆಗೆ

ಹೋದ ಮಳೆಗಾಲದ ಒಂದು ಸಂಜೆ, ಪರಿಚಯದವರೊಬ್ಬರು ಕೊಡೆ ಮಡಚಿ ನಮ್ಮ ಜಗಲಿ ಹತ್ತಿದರು. ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನ ನಮ್ಮೂರಲ್ಲಿ ಆ ಹೊತ್ತಿಗೆ ಯಾರಾದರೂ ಬಂದರೆ ಅರ್ಜಿ ಬರೆಸಲಿಕ್ಕೇ ಬಂದವರು ಎಂದು ಲೆಕ್ಕ.

"ಅಕ್ಕೋರೇ, ನಮ್ಮ ವಾರ್ಡಿನ ಮೆಂಬರು ಒಂದು ವರ್ಷದಿಂದ ಮೀಟಿಂಗಿಗೆ ಹೋಗ್ಲೇ ಇಲ್ಲ. ಅವ್ರನ್ನ ತೆಗೀಲಿಕ್ಕೆ ಒಂದು ಅರ್ಜಿ ಬರ್ಕೊಡಿ."

"ಒಂದು ವರ್ಷ ಅಂತ ನಿಮಗೆ ಹೇಗೆ ಗೊತ್ತು?"

"ನಾ ಕಾಣ್ತೇನಲ್ಲ! ಪಂಚಾಯ್ತಿ ಎದುರಿಗೇ ನನ್ನ ಗೂಡಂಗಡಿ."

ಮಾಹಿತಿ ಹಕ್ಕಿನಲ್ಲಿ ಹಾಜರಿ ಪುಸ್ತಕದ ನಕಲು ತರಿಸಿದೆವು. ಆ ಒಂದು ವರ್ಷದಲ್ಲಿ ಮೆಂಬರರ ಸಹಿ ಮೂರು ಸಲ ಇತ್ತು. ಎರಡು ಸಭೆ ಮಧ್ಯಾಹ್ನದ ಮೇಲೆ ನಡೆದಿದ್ದವು. ಆ ಹೊತ್ತಿಗೆ ಗೂಡಂಗಡಿ ಬಾಗಿಲು ಹಾಕಿ ಇವರು ಊಟಕ್ಕೆ ಹೋಗಿದ್ದರು. ದೂರು ಅಲ್ಲಿಗೇ ನಿಂತಿತು.

ಇಂಥ ದೂರುಗಳು ಬಿದ್ದುಹೋಗುವುದು ಹೆಚ್ಚಾಗಿ ಹೀಗೇ. ಜನ ಖಾಲಿ ಕುರ್ಚಿ ನೋಡುತ್ತಾರೆ, ಅಧಿಕಾರಿ ಕಾಗದ ನೋಡುತ್ತಾರೆ. ಸಭೆಯ ನೋಟಿಸ್ ಮುಟ್ಟಿತ್ತೇ, ಹಾಜರಿ ಪುಸ್ತಕದಲ್ಲಿ ಸಹಿ ಇದೆಯೇ, ಗೈರಿಗೆ ಅನುಮತಿ ಕೊಟ್ಟ ಠರಾವು (ಸಭೆಯ ನಿರ್ಣಯ) ಇದೆಯೇ ಎಂಬ ಮೂರು ಕಾಗದದ ಮೇಲೆ ಇಡೀ ವಿಷಯ ನಿಂತಿರುತ್ತದೆ. ಶಾಲೆಯಿಂದ ನಿವೃತ್ತಿಯಾದ ಮೇಲೆ ನಾನೂ ಒಂದು ಅವಧಿ ಪಂಚಾಯ್ತಿ ಸದಸ್ಯೆಯಾಗಿದ್ದೆ. ದೂರು ಕೊಡುವವರ ಕಷ್ಟವೂ ಗೊತ್ತು, ನೋಟಿಸ್ ಬಂದವರ ಕಷ್ಟವೂ ಗೊತ್ತು. ಎರಡೂ ಕಡೆಯವರಿಗೆ ಆಗುವ ಹಾಗೆ ಬರೆಯುತ್ತಿದ್ದೇನೆ.

ಹಂತ 1: ಯಾವ ಸಂಸ್ಥೆ, ಯಾವ ಕಾಯ್ದೆ

ಗ್ರಾಮ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿ, ಜಿಲ್ಲಾ ಪಂಚಾಯ್ತಿ ಇವು ಮೂರೂ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಕೆಳಗೆ ಬರುತ್ತವೆ. ನಗರಸಭೆ, ಪುರಸಭೆ, ಪಟ್ಟಣ ಪಂಚಾಯ್ತಿಗಳು ಕರ್ನಾಟಕ ಪುರಸಭೆಗಳ ಅಧಿನಿಯಮ, 1964ರ ಕೆಳಗೆ.

ಇಲ್ಲೇ ಮೊದಲ ಎಡವಟ್ಟು ಆಗುವುದು. ಹೊನ್ನಾವರ, ಸಿದ್ದಾಪುರ, ಯಲ್ಲಾಪುರದವರು ತಮ್ಮೂರಿನ ಪಟ್ಟಣ ಪಂಚಾಯ್ತಿಯನ್ನು ಬಾಯಿಮಾತಿನಲ್ಲಿ "ಪಂಚಾಯ್ತಿ" ಅನ್ನುತ್ತಾರೆ. ದೂರಿನಲ್ಲೂ ಪಂಚಾಯತ್ ರಾಜ್ ಕಾಯ್ದೆಯ ಪ್ರಕರಣ (ಸೆಕ್ಷನ್) ಬರೆದುಬಿಡುತ್ತಾರೆ. ಹೆಸರಿನಲ್ಲಿ ಪಂಚಾಯ್ತಿ ಇದ್ದರೂ ಅದಕ್ಕೆ ನಡೆಯುವುದು 1964ರ ಕಾಯ್ದೆ. ಕಾರವಾರ, ಶಿರಸಿ, ದಾಂಡೇಲಿಯ ನಗರಸಭೆಗಳಿಗೂ ಅದೇ.

ಸದಸ್ಯರೇ ಇಲ್ಲದ ಕಾಲವೂ ಇರುತ್ತದೆ. 2016ರಲ್ಲಿ ಆಯ್ಕೆಯಾದ ತಾಲ್ಲೂಕು, ಜಿಲ್ಲಾ ಪಂಚಾಯ್ತಿ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಆಡಳಿತಾಧಿಕಾರಿ ಕೂತಿರುವ ಕಡೆ ಗೈರುಹಾಜರಿಯ ಪ್ರಶ್ನೆ ಏಳುವುದಿಲ್ಲ.

ಇನ್ನೊಂದು ಪರಿಸ್ಥಿತಿ ಉಂಟು. ಸದಸ್ಯರು ಗೆದ್ದಿರುತ್ತಾರೆ, ಸಭೆ ಮಾತ್ರ ಇರುವುದಿಲ್ಲ. ಕಾರವಾರ, ಶಿರಸಿ ನಗರಸಭೆಗಳಲ್ಲಿ ತಲಾ 31 ವಾರ್ಡು. 2018ರ ಆಗಸ್ಟ್ 31ರಂದು ಮತದಾನ ಆಯಿತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಕೋರ್ಟು ಹತ್ತಿತು. ಎರಡು ವರ್ಷಕ್ಕೂ ಜಾಸ್ತಿ ಕಾಲ ಗೆದ್ದವರು ಸುಮ್ನೆ ಮನೆಯಲ್ಲಿದ್ದರು. "ಎರಡು ವರ್ಷ ಒಂದು ಮೀಟಿಂಗಿಗೂ ಬರ್ಲಿಲ್ಲ" ಎಂದು ಆಗ ಒಬ್ಬರು ನನ್ನ ಹತ್ತಿರ ಸಿಟ್ಟು ಮಾಡಿದ್ದರು. ಕರೆಯದ ಸಭೆಗೆ ಹೋಗುವುದು ಹೇಗೆ, ಅಲ್ವಾ?

ಹಂತ 2: ಕಾಯ್ದೆಯ ಆ ಸಾಲನ್ನು ನೀವೇ ಓದಿ

"ಮೂರು ಮೀಟಿಂಗ್ ತಪ್ಪಿಸಿದ್ರೆ ಹೋಯ್ತು", "ಇಲ್ಲ, ಆರು ತಿಂಗ್ಳು ಬೇಕು" ಎಂಬ ಚಾ ಅಂಗಡಿ ಚರ್ಚೆ ಎಲ್ಲ ಊರಲ್ಲೂ ಉಂಟು. ಅದನ್ನು ನಂಬಿ ಅರ್ಜಿ ಬರೆಯಬೇಡಿ. ಕಾಯ್ದೆಯ ಪೂರ್ತಿ ಪಾಠ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಕನ್ನಡದಲ್ಲೂ ಇದೆ. ತಿದ್ದುಪಡಿ ಸೇರಿಸಿದ ಹೊಸ ಪ್ರತಿಯನ್ನೇ ಇಳಿಸಿಕೊಳ್ಳಿ. ಎಷ್ಟೋ ಕಚೇರಿಗಳ ಕಪಾಟಿನಲ್ಲಿರುವ ಪುಸ್ತಕಕ್ಕೆ ಹತ್ತು ಹದಿನೈದು ವರ್ಷ ಆಗಿರುತ್ತದೆ.

ಗ್ರಾಮ ಪಂಚಾಯ್ತಿಗಾದರೆ ಸದಸ್ಯರ ಅನರ್ಹತೆಯ 12ನೇ ಪ್ರಕರಣದಿಂದ ಓದಲು ಶುರು ಮಾಡಿ. ಪುರಸಭೆ, ನಗರಸಭೆಗಾದರೆ 16ನೇ ಪ್ರಕರಣದಿಂದ. ಒಂದೇ ಪ್ರಕರಣ ಓದಿ ನಿಲ್ಲಿಸಬೇಡಿ. ಸ್ಥಾನ ತೆರವಾಗುವ ಬಗ್ಗೆ ಮುಂದಿನ ಪ್ರಕರಣಗಳನ್ನೂ ಓದಿ. ಪಂಚಾಯತ್ ರಾಜ್ ಕಾಯ್ದೆಯ 43-ಎ ಪ್ರಕರಣ ದುರ್ನಡತೆಗಾಗಿ ಸದಸ್ಯರನ್ನು ತೆಗೆಯುವುದು. ಅದರ ದಾರಿಯೇ ಬೇರೆ. ಗೈರುಹಾಜರಿಯನ್ನೂ ಅದನ್ನೂ ಒಂದೇ ಅರ್ಜಿಯಲ್ಲಿ ಕಲಸಿದರೆ ಎರಡೂ ಕೆಡುತ್ತವೆ.

ಓದುವಾಗ ನಾಲ್ಕು ಪ್ರಶ್ನೆ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಲೆಕ್ಕ ಸಭೆಯದೋ ತಿಂಗಳದೋ? ಯಾವ ಸಭೆ ಲೆಕ್ಕಕ್ಕೆ ಬರುತ್ತದೆ? ಅನುಮತಿ ಕೊಡುವವರು ಯಾರು, ಯಾವಾಗ ಕೊಡಬೇಕು? ಸ್ಥಾನ ಹೋಯಿತು ಎಂದು ಹೇಳುವವರು ಯಾರು?

ಈ ನಾಲ್ಕು ಪ್ರಶ್ನೆಗೆ ಉತ್ತರ ಬದಲಾದರೆ ಎಷ್ಟು ವ್ಯತ್ಯಾಸ ಆಗುತ್ತದೆ ಎಂದು ತಿಳಿಯಲು ಬೇರೆ ಕಡೆ ನೋಡಿ. ನಮ್ಮ ಶಾಸಕರಿಗೆ ಸಂವಿಧಾನದ 190(4)ನೇ ವಿಧಿ ಇದೆ. ಸದನದ ಅನುಮತಿ ಇಲ್ಲದೆ 60 ದಿನ ಎಲ್ಲ ಸಭೆಗಳಿಗೂ ಗೈರಾದರೆ ಸದನವು ಆ ಸ್ಥಾನ ತೆರವಾಗಿದೆ ಎಂದು ಘೋಷಿಸಬಹುದು. 60 ದಿನ ಎಂದರೆ ಎರಡೇ ತಿಂಗಳು ಎಂದುಕೊಳ್ಳಬೇಡಿ. ಅಧಿವೇಶನ ಮುಗಿದ ಕಾಲ ಲೆಕ್ಕಕ್ಕಿಲ್ಲ, ಸತತ ನಾಲ್ಕು ದಿನಕ್ಕಿಂತ ಹೆಚ್ಚು ಮುಂದೂಡಿದ ಕಾಲವೂ ಇಲ್ಲ. ಅಧಿವೇಶನ ನಡೆಯುವುದೇ ವರ್ಷದಲ್ಲಿ ಕೆಲವು ವಾರ. ಹಾಗಾಗಿ 60 ದಿನ ತುಂಬುವುದು ಬಲು ಕಷ್ಟ. ಸಂಸತ್ತಿಗೆ ಇದೇ ನಿಯಮ 101(4)ರಲ್ಲಿದೆ. ಅದರಡಿ 2000ದಲ್ಲಿ ರಾಜ್ಯಸಭೆಯ ಬರ್ಜಿಂದರ್ ಸಿಂಗ್ ಹಮ್ದರ್ದ್ ಅವರ ಸ್ಥಾನ ತೆರವಾಯಿತು. ಅಂಥ ಉದಾಹರಣೆ ಬೆರಳೆಣಿಕೆಯಷ್ಟು.

ಇಂಗ್ಲೆಂಡಿನ ಸ್ಥಳೀಯ ಕೌನ್ಸಿಲ್‌ಗಳಲ್ಲಿ 1972ರ ಸ್ಥಳೀಯ ಸರ್ಕಾರ ಕಾಯ್ದೆಯ 85ನೇ ಪ್ರಕರಣ ನಡೆಯುತ್ತದೆ. ಕೊನೆಯ ಹಾಜರಿಯಿಂದ ಸತತ ಆರು ತಿಂಗಳು ಯಾವ ಸಭೆಗೂ ಬಾರದಿದ್ದರೆ ಸದಸ್ಯತ್ವ ಹೋಗುತ್ತದೆ. ಆದರೆ ಒಂದು ಉಪಸಮಿತಿ ಸಭೆಗೆ ಹೋಗಿ ಕೂತರೂ ಸಾಕು, ಲೆಕ್ಕ ಮತ್ತೆ ಮೊದಲಿನಿಂದ. ಗೈರಿಗೆ ಕಾರಣವನ್ನು ಕೌನ್ಸಿಲ್ ಆರು ತಿಂಗಳು ತುಂಬುವ ಮೊದಲೇ ಒಪ್ಪಿರಬೇಕು. ತುಂಬಿದ ಮರುದಿನ ಒಪ್ಪಿದರೆ ಉಪಯೋಗ ಇಲ್ಲ.

ಒಂದು ಕಡೆ ಸದನ "ಘೋಷಿಸಬಹುದು". ಇನ್ನೊಂದು ಕಡೆ ದಿನ ತುಂಬಿದ ಕೂಡಲೇ ತಾನಾಗಿ ಹೋಗುತ್ತದೆ. ನಿಮ್ಮ ಸಂಸ್ಥೆಯ ಕಾಯ್ದೆ ಓದುವಾಗಲೂ "ತೆರವಾದಂತೆ ಭಾವಿಸತಕ್ಕದ್ದು" ಎಂದಿದೆಯೋ "ತೆಗೆದುಹಾಕಬಹುದು" ಎಂದಿದೆಯೋ ಎಂದು ಬೆರಳಿಟ್ಟು ಓದಿ. ಆ ಒಂದು ಕ್ರಿಯಾಪದದ ಮೇಲೆ ವಕೀಲರು ವರ್ಷಗಟ್ಟಲೆ ವಾದ ಮಾಡುತ್ತಾರೆ.

ಹಂತ 3: ಯಾವುದು ಲೆಕ್ಕಕ್ಕೆ ಬರುವ ಸಭೆ

ಪಂಚಾಯ್ತಿಯಲ್ಲಿ "ಸಭೆ" ಅನ್ನುವುದು ಬಹಳ ಇದೆ. ಸಾಮಾನ್ಯ ಸಭೆ, ವಿಶೇಷ ಸಭೆ, ತುರ್ತು ಸಭೆ, ಸ್ಥಾಯಿ ಸಮಿತಿ ಸಭೆ, ವಾರ್ಡ್ ಸಭೆ, ಗ್ರಾಮ ಸಭೆ, ಇಲಾಖೆಗಳ ಕೆಲಸದ ಪ್ರಗತಿ ನೋಡುವ ಕೆಡಿಪಿ ಸಭೆ. ಜನರ ಕಣ್ಣಿಗೆ ಜಾಸ್ತಿ ಬೀಳುವುದು ಗ್ರಾಮ ಸಭೆ. ಶಾಮಿಯಾನ, ಮೈಕು, ನೋಡಲ್ ಅಧಿಕಾರಿ ಎಲ್ಲ ಇರುತ್ತದೆ. "ಮೆಂಬರು ಗ್ರಾಮ ಸಭೆಗೇ ಬರ್ಲಿಲ್ಲ" ಎಂಬ ಸಿಟ್ಟು ಬರುವುದು ಸಹಜ. ಆದರೆ ಗ್ರಾಮ ಸಭೆ ಮತದಾರರ ಸಭೆ, ಚುನಾಯಿತ ಮಂಡಳಿಯ ಸಭೆ ಅಲ್ಲ. ಮೆಂಬರನ್ನು ಕೇಳಲಿಕ್ಕೆ ಅದು ಒಳ್ಳೆಯ ಜಾಗ. ಅನರ್ಹತೆಯ ಲೆಕ್ಕಕ್ಕೆ ನಿಮಗೆ ಬೇಕಾಗಿರುವುದು ಮಂಡಳಿಯ ಸಭೆ. ಅದರಲ್ಲೂ ಪ್ರಕರಣದಲ್ಲಿ "ಸಾಮಾನ್ಯ ಸಭೆ" ಎಂಬ ಪದ ಇದ್ದರೆ ವಿಶೇಷ ಸಭೆ, ತುರ್ತು ಸಭೆಯ ಗೈರು ಸೇರಿಸಬೇಡಿ.

ಕೋರಂ (ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿ) ಇಲ್ಲದೆ ಮುಂದೂಡಿದ ಸಭೆಯನ್ನು ಬೇರೆಯಾಗಿ ಬರೆದುಕೊಳ್ಳಿ. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಘಟ್ಟದ ಕೆಳಗಿನ ಒಂದು ಪಂಚಾಯ್ತಿಯವರಿಗೆ ದೂರು ಬರೆದುಕೊಟ್ಟಿದ್ದೆ. ಸತತ ಗೈರು ಎಂದು ಲೆಕ್ಕ ಹಾಕಿದ ಸಭೆಗಳಲ್ಲಿ ಒಂದು ಕೋರಂ ಇಲ್ಲದೆ ಮುಂದೆ ಹೋಗಿತ್ತು. ನಾನು ನೋಟಿಸ್ ತಾರೀಖು ಮಾತ್ರ ನೋಡಿದ್ದೆ, ಸಭೆಯಲ್ಲಿ ಏನಾಯಿತು ಎಂದು ಬರೆದಿಡುವ ನಡಾವಳಿ ನೋಡಿರಲಿಲ್ಲ. ಸದಸ್ಯರ ಕಡೆಯವರು ವಿಚಾರಣೆಯಲ್ಲಿ ಎದ್ದು "ನಡೆಯದ ಸಭೆಗೆ ಗೈರು ಹೇಗೆ?" ಎಂದು ಕೇಳಿದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ.

ನಗರಸಭೆ, ಪುರಸಭೆಯಲ್ಲಿ ಇನ್ನೊಂದು ಗೊಂದಲ. ಅಧ್ಯಕ್ಷರ ಆಯ್ಕೆಯ ದಿನ ಪಕ್ಷ ವಿಪ್ (ಬಂದು ಹೀಗೇ ಮತ ಹಾಕಿ ಎಂಬ ಆದೇಶ) ಕೊಟ್ಟರೂ ಸದಸ್ಯರು ನಾಪತ್ತೆ. ಗೋವೆಯಲ್ಲೋ ಯಾವುದೋ ರೆಸಾರ್ಟಿನಲ್ಲೋ ಇದ್ದಾರೆ ಎಂದು ಸುದ್ದಿ. ಅದು ಈ ಲೇಖನದ ಗೈರು ಅಲ್ಲ. ಅದಕ್ಕೆ 1987ರ ಕರ್ನಾಟಕ ಸ್ಥಳೀಯ ಪ್ರಾಧಿಕಾರಗಳ ಪಕ್ಷಾಂತರ ನಿಷೇಧ ಕಾಯ್ದೆ ಇದೆ. ಒಂದೇ ದಿನದ ಗೈರಿಗೂ ಅಲ್ಲಿ ಸ್ಥಾನ ಹೋಗಬಹುದು. ಗ್ರಾಮ ಪಂಚಾಯ್ತಿಗೆ ಅದು ತಾಗುವುದಿಲ್ಲ. ಅಲ್ಲಿ ಪಕ್ಷದ ಚಿಹ್ನೆಯ ಮೇಲೆ ಚುನಾವಣೆಯೇ ಇಲ್ಲ. ಎಲ್ಲರಿಗೂ ಯಾರು ಯಾವ ಪಕ್ಷ ಎಂದು ಗೊತ್ತಿರುತ್ತದೆ, ಆ ಮಾತು ಬೇರೆ.

ಹಂತ 4: ಕಾಗದ ತರಿಸಿ

ಮೊದಲು ಮಾತಿನಲ್ಲೇ ಕೇಳಿ ನೋಡಿ. ಪಂಚಾಯ್ತಿ ಸಭೆಯ ನಡಾವಳಿ ಪಂಚತಂತ್ರ ತಂತ್ರಾಂಶದಲ್ಲಿ ಇರುತ್ತದೆ. ಒಳ್ಳೆಯ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಆದರೆ ಪುಸ್ತಕ ತೆಗೆದು ತೋರಿಸುತ್ತಾರೆ. ನಿಮಗೆ ಒಂದು ಅಂದಾಜು ಸಿಗುತ್ತದೆ.

ದೂರಿಗೆ ಮಾತ್ರ ದೃಢೀಕರಿಸಿದ ನಕಲೇ ಬೇಕು. ಅದಕ್ಕೆ ಮಾಹಿತಿ ಹಕ್ಕು ಕಾಯ್ದೆ, 2005. ಕರ್ನಾಟಕದಲ್ಲಿ ನಮೂನೆ ಎ ಭರ್ತಿ ಮಾಡಿ, 10 ರೂಪಾಯಿ ಶುಲ್ಕ ಕಟ್ಟಬೇಕು. ಅಂಚೆ ಕಚೇರಿಯ ಪೋಸ್ಟಲ್ ಆರ್ಡರ್ ಆಗುತ್ತದೆ. ಎ4 ಹಾಳೆಗೆ 2 ರೂಪಾಯಿ. ಬಿಪಿಎಲ್ ಕುಟುಂಬದವರಿಗೆ ಶುಲ್ಕ ಇಲ್ಲ, ಕಾರ್ಡಿನ ನಕಲು ಲಗತ್ತಿಸಿ. ಯಾಕೆ ಬೇಕು ಎಂದು ಕಾರಣ ಹೇಳಬೇಕಾಗಿಲ್ಲ. ಕೌಂಟರಿನಲ್ಲಿ ಕೇಳಿದರೂ ನಗುತ್ತಾ ಸುಮ್ಮನಿರಿ.

ನಮ್ಮ ರಾಜ್ಯದ ನಿಯಮದಲ್ಲಿ ಎರಡು ಕಟ್ಟು ಉಂಟು. ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದದ ಒಳಗೆ. ಹಾಜರಿಯ ಜೊತೆ ರಸ್ತೆ ಕಾಮಗಾರಿ ಬಿಲ್ಲು, ಬೀದಿ ದೀಪದ ಖರ್ಚು ಎಲ್ಲ ಕೇಳಿದರೆ ಅರ್ಜಿ ವಾಪಸು ಬರಲು ನೀವೇ ದಾರಿ ಮಾಡಿಕೊಟ್ಟ ಹಾಗೆ. ನಾನು ಬರೆಯುವುದು ಹೀಗೆ:

"ವಿಷಯ: ಮಂಡಳಿ ಸಭೆಗಳ ಹಾಜರಿ ದಾಖಲೆ.
ದಿನಾಂಕ ____ ರಿಂದ ____ ರ ವರೆಗೆ ನಡೆದ ಎಲ್ಲ ಸಭೆಗಳ ಬಗ್ಗೆ ಈ ಕೆಳಗಿನ ದಾಖಲೆಗಳ ದೃಢೀಕೃತ ನಕಲು ಕೊಡಿ.
ಅ) ಪ್ರತಿ ಸಭೆಯ ನೋಟಿಸ್ ಮತ್ತು ಅಜೆಂಡಾ.
ಆ) ವಾರ್ಡ್ ನಂ. ____ ರ ಸದಸ್ಯರಿಗೆ ನೋಟಿಸ್ ಮುಟ್ಟಿದ್ದಕ್ಕೆ ಸ್ವೀಕೃತಿ.
ಇ) ಪ್ರತಿ ಸಭೆಯ ಹಾಜರಿ ಪುಸ್ತಕದ ಪುಟ.
ಈ) ಪ್ರತಿ ಸಭೆಯ ನಡಾವಳಿ.
ಉ) ಸದರಿ ಸದಸ್ಯರ ಗೈರುಹಾಜರಿಗೆ ಅನುಮತಿ ನೀಡಿದ ಠರಾವು ಇದ್ದರೆ ಅದು. ಇಲ್ಲದಿದ್ದರೆ ಇಲ್ಲವೆಂದು ಲಿಖಿತ ಉತ್ತರ."

ಕೊನೆಯ ಸಾಲು ಮುಖ್ಯ. "ಅಂಥ ಠರಾವು ಇಲ್ಲ" ಎಂದು ಕಚೇರಿಯೇ ಸಹಿ ಹಾಕಿ ಕೊಟ್ಟರೆ ಅದು ನಿಮ್ಮ ಕೈಯಲ್ಲಿರುವ ದೊಡ್ಡ ಕಾಗದ. ಸದಸ್ಯರ ಆಸ್ಪತ್ರೆ ಚೀಟಿ, ಡಾಕ್ಟರ ಸರ್ಟಿಫಿಕೇಟು ಕೇಳಲು ಹೋಗಬೇಡಿ. ವೈಯಕ್ತಿಕ ಮಾಹಿತಿ ಎಂದು ತಿರಸ್ಕರಿಸುತ್ತಾರೆ. ಕೇಳುವುದೂ ಸರಿಯಲ್ಲ ಎಂದು ನನ್ನ ಅಭಿಪ್ರಾಯ. ನಿಮಗೆ ಬೇಕಾದದ್ದು ಅನುಮತಿ ಸಿಕ್ಕಿತ್ತೋ ಇಲ್ಲವೋ ಎಂಬುದು ಮಾತ್ರ.

ಗ್ರಾಮ ಪಂಚಾಯ್ತಿಯಲ್ಲಿ ಅರ್ಜಿ ಪಿಡಿಒ ಅವರಿಗೆ ಹೋಗುತ್ತದೆ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದ ಒಳಗೆ ಮೊದಲ ಮೇಲ್ಮನವಿ. ಅದಕ್ಕೂ ಸರಿಯಾದ ಉತ್ತರ ಸಿಗದಿದ್ದರೆ 90 ದಿನದ ಒಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಅಲ್ಲಿವರೆಗೆ ಹೋದರೆ ಸದಸ್ಯರ ಅವಧಿಯೇ ಮುಗಿಯುವ ಸಂಭವ ಉಂಟು. ಆದ್ದರಿಂದ ಮೊದಲ ಅರ್ಜಿಯನ್ನೇ ಚೊಕ್ಕ ಮಾಡಿ.

ಹಂತ 5: ಲೆಕ್ಕದ ಹಾಳೆ

ಕಾಗದ ಬಂದ ಮೇಲೆ ಒಂದು ಉದ್ದ ಹಾಳೆ ತೆಗೆದುಕೊಂಡು ಆರು ಕಾಲಂ ಎಳೆಯಿರಿ. ಸಭೆಯ ತಾರೀಖು, ಸಭೆಯ ಬಗೆ, ನೋಟಿಸ್ ಮುಟ್ಟಿದ ದಿನ, ಸಭೆ ನಡೆಯಿತೇ, ಸಹಿ ಇದೆಯೇ, ರಜೆಯ ಠರಾವು ಇದೆಯೇ. ಒಂದೊಂದು ಸಭೆಗೆ ಒಂದು ಸಾಲು.

ನೋಟಿಸಿನ ಕಾಲಂ ತುಂಬುವಾಗ ಅವಸರ ಬೇಡ. ಗ್ರಾಮ ಪಂಚಾಯ್ತಿಯಲ್ಲಿ ಸಾಮಾನ್ಯ ಸಭೆಗೆ ಏಳು ಪೂರ್ಣ ದಿನ ಮೊದಲು, ವಿಶೇಷ ಸಭೆಗೆ ಮೂರು ಪೂರ್ಣ ದಿನ ಮೊದಲು ನೋಟಿಸ್ ಕೊಡಬೇಕು. ಪೂರ್ಣ ದಿನ ಎಂದರೆ ನೋಟಿಸ್ ಕೊಟ್ಟ ದಿನವನ್ನೂ ಸಭೆಯ ದಿನವನ್ನೂ ಬಿಟ್ಟು ಎಣಿಸುವುದು. 1ನೇ ತಾರೀಖು ನೋಟಿಸ್ ಮುಟ್ಟಿ 8ಕ್ಕೆ ಸಭೆ ಇಟ್ಟರೆ ನಡುವೆ ಸಿಗುವುದು ಆರೇ ದಿನ. ಆ ಸಭೆಯ ಗೈರಿನ ಮೇಲೆ ಸದಸ್ಯರು ತಕರಾರು ತೆಗೆಯಬಹುದು. ವಾಟ್ಸಾಪ್ ಗುಂಪಿನಲ್ಲಿ "ನಾಳೆ ಮೀಟಿಂಗ್" ಎಂದು ಹಾಕಿದ್ದನ್ನೇ ನೋಟಿಸ್ ಎಂದು ತಿಳಿದ ಕಚೇರಿಗಳೂ ಇವೆ. ಅಲ್ಲಿ ತಪ್ಪು ಸದಸ್ಯರದ್ದಕ್ಕಿಂತ ಕಚೇರಿಯದ್ದೇ ಜಾಸ್ತಿ.

"ಸತತ" ಎಂಬ ಪದ ಇದ್ದರೆ ಒಂದೇ ಒಂದು ಸಹಿ ಸರಪಳಿ ಕಡಿಯುತ್ತದೆ. ಲೆಕ್ಕಕ್ಕೆ ಒಂದು ಉದಾಹರಣೆ ತೆಗೆದುಕೊಳ್ಳಿ. ಎಂಟು ಸಾಮಾನ್ಯ ಸಭೆ ನಡೆದಿವೆ. ಒಂದು, ಎರಡು, ಮೂರನೆಯದಕ್ಕೆ ಗೈರು. ನಾಲ್ಕಕ್ಕೆ ಸಹಿ. ಐದು, ಆರಕ್ಕೆ ಗೈರು. ಏಳಕ್ಕೆ ರಜೆಯ ಠರಾವು. ಎಂಟಕ್ಕೆ ಗೈರು. ಊರವರ ಲೆಕ್ಕದಲ್ಲಿ ಎಂಟರಲ್ಲಿ ಏಳು ಸಭೆ ತಪ್ಪಿಸಿದ ಮನುಷ್ಯ. ಕಾಯ್ದೆಯ ಲೆಕ್ಕದಲ್ಲಿ ಸತತ ಗೈರು ಹೆಚ್ಚೆಂದರೆ ಮೂರು. ನಾಲ್ಕನೇ ಸಭೆಗೆ ಬಂದು ಸಹಿ ಹಾಕಿ, ಚಾ ಕುಡಿದು ಹೋದವರೂ ಹಾಜರೇ. ಇದು ಅನ್ಯಾಯ ಎಂದು ಅನಿಸುತ್ತದೆ, ನನಗೂ ಅನಿಸುತ್ತದೆ. ಆದರೆ ಲೆಕ್ಕ ಇರುವುದೇ ಹಾಗೆ.

ಸಹಿಯ ಕಾಲಂನಲ್ಲಿ ಇನ್ನೊಂದು ಸಂಗತಿ ನೋಡಬೇಕು. ನಮ್ಮಲ್ಲಿ ಪಂಚಾಯ್ತಿಯ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಎಷ್ಟೋ ಕಡೆ ಹೆಂಡತಿ ಮೆಂಬರು, ಸಭೆಗೆ ಬರುವುದು ಗಂಡ. ಬರೀ ಬರುವುದಲ್ಲ, ಕುರ್ಚಿಯಲ್ಲಿ ಕೂತು ಮಾತಾಡುತ್ತಾರೆ. ಪುಸ್ತಕ ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬಂದದ್ದನ್ನು ನಾನೇ ಕಂಡಿದ್ದೇನೆ. ನಾನು ಸದಸ್ಯೆಯಾಗಿದ್ದಾಗ ಒಂದು ಸಲ ಕೇಳಿಯೇಬಿಟ್ಟೆ, "ಭಾವ, ಇವತ್ತು ಅಕ್ಕ ಬರ್ಲಿಲ್ವಾ?" ಅಂತ. ಅವರು ಎರಡು ಸಭೆ ಬರಲಿಲ್ಲ. ಮೂರನೆಯದಕ್ಕೆ ಅಕ್ಕನೇ ಬಂದರು. ಆಮೇಲೆ ನೀರಿನ ವಿಷಯಕ್ಕೆ ಅವರಷ್ಟು ಗಟ್ಟಿಯಾಗಿ ಮಾತಾಡುವವರು ಮತ್ತೊಬ್ಬರಿರಲಿಲ್ಲ.

ಗಂಡನ ಹಾಜರಿ ಹೆಂಡತಿಯ ಹಾಜರಿ ಆಗುವುದಿಲ್ಲ. ಸಹಿಯ ಬಗ್ಗೆ ಅನುಮಾನ ಇದ್ದರೆ ನಾಮಪತ್ರದ ಸಹಿ, ಬೇರೆ ಸಭೆಗಳ ಸಹಿ ಪಕ್ಕ ಇಟ್ಟು ನೋಡಿ. ನಡಾವಳಿಯಲ್ಲಿ ಆ ಸದಸ್ಯೆಯ ಮಾತು ಎಲ್ಲಾದರೂ ದಾಖಲಾಗಿದೆಯೇ, ಠರಾವಿಗೆ ಸೂಚಕರು ಅನುಮೋದಕರು ಎಂದು ಹೆಸರು ಇದೆಯೇ ಎಂದೂ ನೋಡಿ. ಆದರೆ ಖೊಟ್ಟಿ ಸಹಿ ಎಂದು ಬರೆಯುವ ಮೊದಲು ನೂರು ಸಲ ಯೋಚನೆ ಮಾಡಿ. ಅದು ದೊಡ್ಡ ಆರೋಪ. "ಸಹಿಗಳ ನಡುವೆ ವ್ಯತ್ಯಾಸ ಕಾಣುತ್ತದೆ, ಪರಿಶೀಲಿಸಿ" ಎಂದು ಕೇಳಿದರೆ ಸಾಕು.

ಹಂತ 6: ದೂರು ಕೊಡುವ ಮೊದಲು ಒಂದು ಮಾತು

ಗೈರಿಗೆ ಕಾರಣ ಏನು ಎಂದು ಸದಸ್ಯರ ಮನೆಗೇ ಹೋಗಿ ಕೇಳಿ. ಇದು ಕಾಯ್ದೆಯ ಹಂತ ಅಲ್ಲ, ನನ್ನ ಹಂತ. ನಮ್ಮ ಕರಾವಳಿಯಲ್ಲಿ ಆಗಸ್ಟ್ 1ಕ್ಕೆ ಮೀನುಗಾರಿಕೆ ನಿಷೇಧ ಮುಗಿದ ಕೂಡಲೇ ಬೋಟಿಗೆ ಹೋಗುವ ಸದಸ್ಯರಿದ್ದಾರೆ. ಕಾರವಾರದ ಕಡೆ ದಿನಾ ಗೋವೆಗೆ ಕೆಲಸಕ್ಕೆ ಹೋಗಿ ಬರುವವರಿದ್ದಾರೆ. ಶಿರಸಿ, ಸಿದ್ದಾಪುರದಲ್ಲಿ ಅಡಿಕೆಯ ಕೊನೆ ಕೊಯ್ಲು ಶುರುವಾದರೆ ಮನೆ ಬಿಟ್ಟು ಹೊರಡುವುದೇ ಕಷ್ಟ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ದಿನಗಟ್ಟಲೆ ಬಂದ್ ಆಗಿತ್ತು. ಸಭೆಯನ್ನು ಬೇರೆ ದಿನ, ಬೇರೆ ಹೊತ್ತಿಗೆ ಇಟ್ಟರೆ ಬರುವವರು ಎಷ್ಟೋ ಜನ ಇರುತ್ತಾರೆ. ಗೆದ್ದ ಮೇಲೆ ಬೆಂಗಳೂರಲ್ಲಿ ಮನೆ ಮಾಡಿ, ಚೌತಿಗೆ ಮಾತ್ರ ಊರಿಗೆ ಬರುವವರದ್ದು ಬೇರೆ ಕಥೆ. ಅವರ ಹತ್ತಿರ ರಾಜೀನಾಮೆ ಕೇಳುವುದೇ ಸುಲಭದ ದಾರಿ. ನನಗೆ ಗೊತ್ತಿದ್ದ ಒಬ್ಬರು, ಕೇಳಿದ ವಾರದಲ್ಲೇ ಬರೆದುಕೊಟ್ಟರು.

ಹಂತ 7: ದೂರು

ದೂರು ಒಂದು ಪುಟ ದಾಟಬಾರದು. ಸದಸ್ಯರ ಹೆಸರು, ವಾರ್ಡು, ಯಾವ ಕಾಯ್ದೆಯ ಯಾವ ಪ್ರಕರಣ, ಗೈರಾದ ಸಭೆಗಳ ತಾರೀಖು, ರಜೆಯ ಠರಾವು ಇಲ್ಲ ಎಂಬ ಕಚೇರಿ ಉತ್ತರದ ನಂಬರು, ಕೊನೆಗೆ ಏನು ಕ್ರಮ ಬೇಕು. ಹಿಂದೆ ಲೆಕ್ಕದ ಹಾಳೆ ಮತ್ತು ದೃಢೀಕೃತ ನಕಲುಗಳು. "ಅಭಿವೃದ್ಧಿ ಕುಂಠಿತವಾಗಿದೆ, ಜನ ರೋಸಿಹೋಗಿದ್ದಾರೆ" ಎಂಬ ಸಾಲು ಬೇಡ. ಅದನ್ನು ಓದಿದ ಕೂಡಲೇ ಇದು ರಾಜಕೀಯ ಎಂದು ಗುಮಾಸ್ತರು ಪಕ್ಕಕ್ಕಿಡುತ್ತಾರೆ.

ಯಾರಿಗೆ ಕೊಡಬೇಕು? ತೀರ್ಮಾನ ಮಾಡುವ ಅಧಿಕಾರಿ ಯಾರು ಎಂದು ಎರಡನೇ ಹಂತದಲ್ಲಿ ಓದಿ ಬರೆದಿಟ್ಟುಕೊಂಡಿದ್ದೀರಿ. ಆ ಪದನಾಮಕ್ಕೇ ಬರೆಯಿರಿ. ಉಳಿದವರಿಗೆ ಪ್ರತಿ. ಗ್ರಾಮ ಪಂಚಾಯ್ತಿಯಾದರೆ ಪಿಡಿಒ, ತಾಲ್ಲೂಕು ಪಂಚಾಯ್ತಿಯ ಇಒ (ಕಾರ್ಯನಿರ್ವಾಹಕ ಅಧಿಕಾರಿ), ಕಾರವಾರದ ಜಿಲ್ಲಾ ಪಂಚಾಯ್ತಿ ಸಿಇಒ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ). ನಗರಸಭೆಯಾದರೆ ಪೌರಾಯುಕ್ತರು, ಪುರಸಭೆ ಮತ್ತು ಪಟ್ಟಣ ಪಂಚಾಯ್ತಿಯಾದರೆ ಮುಖ್ಯಾಧಿಕಾರಿ, ಜೊತೆಗೆ ಜಿಲ್ಲಾಧಿಕಾರಿ. ಶಾಸಕರಿಗೆ, ಸಚಿವರಿಗೆ ಪ್ರತಿ ಕಳಿಸಿದರೆ ಬೇಗ ಆಗುತ್ತದೆ ಎಂಬುದು ನನ್ನ ಅನುಭವಕ್ಕೆ ಬಂದಿಲ್ಲ.

ಕೈಯಲ್ಲಿ ಕೊಟ್ಟರೆ ಆವಕ ನಂಬರು, ಸೀಲು, ತಾರೀಖು ನಿಮ್ಮ ಪ್ರತಿಯ ಮೇಲೆ ಹಾಕಿಸಿಕೊಳ್ಳಿ. ಭಟ್ಕಳದಿಂದಲೋ ಜೋಯಿಡಾದಿಂದಲೋ ಕಾರವಾರಕ್ಕೆ ಹೋಗಿ ಬರಲು ಒಂದು ದಿನ ಹೋಗುತ್ತದೆ. ಸ್ಪೀಡ್ ಪೋಸ್ಟೂ ನಡೆಯುತ್ತದೆ, ರಸೀದಿ ಜೋಪಾನ.

ಹಂತ 8: ವಿಚಾರಣೆ

ದೂರು ಕೊಟ್ಟ ಮರುದಿನ ಸದಸ್ಯತ್ವ ಹೋಗುವುದಿಲ್ಲ. ಸದಸ್ಯರಿಗೆ ಕಾರಣ ಕೇಳಿ ನೋಟಿಸ್ ಹೋಗಬೇಕು, ಉತ್ತರ ಕೊಡಲು ಅವಕಾಶ ಸಿಗಬೇಕು. ಅವರ ಮಾತು ಕೇಳದೆ ಹೊರಡಿಸಿದ ಆದೇಶ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ನಮ್ಮ ಜಿಲ್ಲೆಯವರು ಹೈಕೋರ್ಟಿಗೆ ಹೋಗುವುದೆಂದರೆ ಧಾರವಾಡ ಪೀಠಕ್ಕೆ. ಅಲ್ಲಿ ತಡೆಯಾಜ್ಞೆ ಸಿಕ್ಕಿದರೆ ಮತ್ತೆ ಕಾಯುವುದೇ ಕೆಲಸ.

ವಿಚಾರಣೆಗೆ ಕರೆದರೆ ಮೂಲ ಕಾಗದ ಎಲ್ಲ ಹಿಡಿದು ಹೋಗಿ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ಸಾಕ್ಷಿಗೆ ಹತ್ತು ಜನರನ್ನು ಟೆಂಪೋದಲ್ಲಿ ಕರೆದುಕೊಂಡು ಹೋಗುವ ಅಗತ್ಯ ಇಲ್ಲ. ಸ್ಥಾನ ತೆರವಾದರೆ ಉಪಚುನಾವಣೆ ಮಾಡುವುದು ರಾಜ್ಯ ಚುನಾವಣಾ ಆಯೋಗ.

ನೀವೇ ಸದಸ್ಯರಾಗಿದ್ದರೆ

ನನ್ನದೇ ಕಥೆ ಹೇಳುತ್ತೇನೆ. ನಾನು ಸದಸ್ಯೆಯಾಗಿದ್ದ ಮೂರನೇ ವರ್ಷ ಅಮ್ಮ ಹಾಸಿಗೆ ಹಿಡಿದರು. ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇರಬೇಕಾಯಿತು. ಹೊರಡುವ ದಿನ ಒಂದು ಚೀಟಿ ಬರೆದು ಕಚೇರಿಯ ಹುಡುಗನ ಕೈಗೆ ಕೊಟ್ಟೆ. ಅಧ್ಯಕ್ಷರಿಗೆ ಫೋನಿನಲ್ಲೂ ಹೇಳಿದೆ. "ಅಡ್ಡಿಲ್ಲ ಅಕ್ಕೋರೇ, ನೀವು ಅಮ್ಮನ್ನ ನೋಡ್ಕಳಿ" ಅಂದರು. ನಾನು ನಿಶ್ಚಿಂತೆಯಿಂದ ಇದ್ದೆ. ನಡುವೆ ಅಧಿಕಾರಿ ವರ್ಗವಾಗಿ ಬೇರೆಯವರು ಬಂದರು. ಚೀಟಿ ಆವಕ ಪುಸ್ತಕದಲ್ಲಿ ಏರಿರಲಿಲ್ಲ. ಊರಿಗೆ ವಾಪಸು ಬಂದಾಗ ಮೇಜಿನ ಮೇಲೆ ನನ್ನ ಹೆಸರಿನ ನೋಟಿಸ್ ತಯಾರಿತ್ತು. ಸಾಲಿನಲ್ಲಿ ಇನ್ನೊಂದು ಸಭೆ ತಪ್ಪಿದ್ದರೆ ಕಳಿಸುತ್ತಿದ್ದರು. ಫೋನಿನಲ್ಲಿ ಒಪ್ಪಿದ್ದು ಠರಾವು ಅಲ್ಲ ಎಂದು ಅವತ್ತು ಅರ್ಥ ಆಯಿತು.

ಆದ್ದರಿಂದ ರಜೆ ಕೇಳುವುದಾದರೆ ಬರವಣಿಗೆಯಲ್ಲಿ, ಗೈರಾಗುವ ಮೊದಲೇ ಕೇಳಿ. ಎಂದಿನಿಂದ ಎಂದಿನವರೆಗೆ ಎಂದು ತಾರೀಖು ಹಾಕಿ. ಸ್ವೀಕೃತಿ ತೆಗೆದುಕೊಳ್ಳಿ. ನಿಮ್ಮ ಅರ್ಜಿ ಅಜೆಂಡಾದಲ್ಲಿ ಬಂತೇ, ಮಂಡಳಿ ಠರಾವು ಮಾಡಿತೇ ಎಂದು ಜೊತೆಯ ಸದಸ್ಯರೊಬ್ಬರಿಂದ ತಿಳಿದುಕೊಳ್ಳಿ. ಆ ಠರಾವಿನ ನಕಲನ್ನು ಮನೆಯಲ್ಲಿಡಿ. ಅಧ್ಯಕ್ಷರ ವಿರೋಧಿ ಗುಂಪಿನವರಾದರೆ ಇದು ಇನ್ನೂ ಅಗತ್ಯ. ಅರ್ಜಿಯನ್ನು ಅಜೆಂಡಾಕ್ಕೇ ತಾರದೆ ಇಟ್ಟುಕೊಳ್ಳುವುದು ಹಳೆಯ ಉಪಾಯ.

ಸಭೆಗೆ ಹೋದ ದಿನ ಹಾಜರಿ ಪುಸ್ತಕದಲ್ಲಿ ಸಹಿ ಹಾಕದೆ ಕುರ್ಚಿಯಲ್ಲಿ ಕೂರಬೇಡಿ. ಪ್ರತಿಭಟನೆ ಮಾಡಿ ಹೊರನಡೆಯುವವರು ಮೊದಲು ಸಹಿ ಹಾಕಿ, ಆಮೇಲೆ ಹೊರಡಿ. ಬಹಿಷ್ಕಾರ ಎಂದು ಬಾಗಿಲ ಹೊರಗೇ ಘೋಷಣೆ ಕೂಗಿ ವಾಪಸಾದರೆ ಪುಸ್ತಕದಲ್ಲಿ ಅದು ಬರೀ ಗೈರು.

ನೋಟಿಸ್ ಬಂದೇಬಿಟ್ಟರೆ ಗಾಬರಿಯಾಗಿ ಹರಿದು ಹಾಕಬೇಡಿ, ತೆಗೆದುಕೊಳ್ಳದೆ ವಾಪಸು ಕಳಿಸಬೇಡಿ. ಮೇಲೆ ಹೇಳಿದ ಲೆಕ್ಕದ ಹಾಳೆಯನ್ನು ನೀವೂ ಮಾಡಿ. ನೋಟಿಸ್ ಎಷ್ಟು ದಿನ ಮೊದಲು ಬಂತು, ಕೋರಂ ಇತ್ತೇ, ಯಾವ ಸಭೆ ಸಾಮಾನ್ಯ ಯಾವುದು ವಿಶೇಷ, ಎಲ್ಲ ನೋಡಿ. ಉತ್ತರವನ್ನು ಕೊಟ್ಟ ಗಡುವಿನೊಳಗೆ ಬರೆದು ಕೊಡಿ. ಗಡುವು ಶನಿವಾರಕ್ಕೆ ಬಿದ್ದರೆ ಕ್ಯಾಲೆಂಡರ್ ನೋಡಿ. ಎರಡನೇ ಮತ್ತು ನಾಲ್ಕನೇ ಶನಿವಾರ ಕಚೇರಿ ಇರುವುದಿಲ್ಲ. ಶುಕ್ರವಾರವೇ ಹೋಗಿ ಸೀಲು ಹಾಕಿಸಿಕೊಂಡು ಬನ್ನಿ.